ಹೀರೋ ಸೇಡು ತೀರಿಸಿದ್ರೆ ನ್ಯಾಯ, ನಮ್ಮ ಹುಡುಗರು ತೀರಿಸಿದ್ರೆ ರಾಕ್ಷಸರು: 'ವಿಕ್ರಾಂತ್ ರೋಣ' ಬಗ್ಗೆ ಒಂದಿಷ್ಟು

ಸಿನಿಮಾ ಇನ್ನೂ ನೋಡಿಲ್ಲ ಅನ್ನೋರು ಇಲ್ಲಿಗೇ ನಿಲ್ಲಿಸಿ. ಕಥೆಯ ಗುಟ್ಟು ಹೇಳದೆ ಈ ಮಾತು ಆಡೋಕೆ ಆಗಲ್ಲ. 2022ರ ಜುಲೈ 28ಕ್ಕೆ ರಿಲೀಸ್ ಆದ ಸಿನಿಮಾ. ಆಮೇಲೆ ಓಟಿಟಿಗೂ ಬಂತು. ಹಾಗಾಗಿ ಇನ್ನು ಯಾರೂ ಬೈಯಲಾರರು ಅಂದ್ಕೊಂಡು ಬರೀತಿದ್ದೀನಿ.

ಆಗಸ್ಟ್ ಮೊದಲ ವಾರ ನಾಲ್ಕು ಹುಡುಗರನ್ನ ಕರ್ಕೊಂಡು ಮಳೆಯಲ್ಲೇ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿದ್ದೆ. ದಾಂಡೇಲಿಯವನೊಬ್ಬ, ಹಳಿಯಾಳದವನೊಬ್ಬ, ಜೋಯಿಡಾ ಕಡೆಯವನೊಬ್ಬ, ಮುಂಡಗೋಡ ಕಡೆಯ ಸಿದ್ದಿ ಹುಡುಗ ಒಬ್ಬ. ಎಲ್ಲ ಹಾಸ್ಟೆಲ್‌ನಲ್ಲಿದ್ದು ಓದೋರು. 'ತ್ರೀಡಿನೇ ನೋಡ್ಬೇಕ್ರಿ ಅಣ್ಣಾ' ಅಂತ ಹಠ. ಅವರಲ್ಲಿ ಇಬ್ಬರು ಸುದೀಪ್ ಅಂದ್ರೆ ಪ್ರಾಣ ಬಿಡೋರು. ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಬುರ್ಜ್ ಖಲೀಫಾ ಮೇಲೆ ಟೈಟಲ್ ಮಿಂಚಿದ ಸಿನಿಮಾ. 'ಜಗತ್ತಿಗೆ ಹೊಸ ಹೀರೋ ಸಿಗ್ತಿದ್ದಾನೆ' ಅಂತ ಇಂಗ್ಲಿಷ್‌ನಲ್ಲಿ ಡಂಗುರ ಸಾರಿದ ಸಿನಿಮಾ. ಬೇರೆ ಭಾಷೆಯವರ ಸೂಪರ್‌ಹೀರೋಗಳನ್ನ ಡಬ್ಬಿಂಗ್‌ನಲ್ಲಿ ನೋಡಿ ಬೆಳೆದ ಹುಡುಗರಿಗೆ ಕನ್ನಡದ್ದೇ ಒಬ್ಬ ಹೀರೋ ಸಿಕ್ಕರೆ ಸಣ್ಣ ಮಾತಲ್ಲ.

ಕಣ್ಣಿಗೆ ಹಬ್ಬ, ಒಪ್ತೀನಿ. ಆ ಕಾಡು, ಆ ಮಂಜು, ಹಳೇ ಮನೆಯ ಸೆಟ್ಟು ಎಲ್ಲ ಚೆಂದ. ಅಜನೀಶ್ ಲೋಕನಾಥ್ ಮ್ಯೂಸಿಕ್‌ಗೆ ಥಿಯೇಟರ್ ಕುಣಿದಿದ್ದೂ ನಿಜ. ರಕ್ಕಮ್ಮ ಅನ್ನೋ ಪಾತ್ರ ಒಂದು ಹಾಡಿಗಷ್ಟೇ ಬಂದು ಹೋದಂಗೆ ಆಯ್ತು. ಅದನ್ನೂ ಬಿಡೋಣ. ನನ್ನ ತಕರಾರು ಬೇರೆ.

ಕಾಮರೊಟ್ಟು ಅನ್ನೋ ಊರಲ್ಲಿ ಮಕ್ಕಳ ಕೊಲೆ ಆಗ್ತಾ ಇರುತ್ತೆ. ಇನ್‌ಸ್ಪೆಕ್ಟರ್ ಆಗಿ ವಿಕ್ರಾಂತ್ ರೋಣ ಬರ್ತಾನೆ. ಎರಡು ಗಂಟೆ ದೆವ್ವ, ಬ್ರಹ್ಮರಾಕ್ಷಸ ಅಂತ ಹೆದರಿಸಿ ಕೊನೆಗೆ ಗುಟ್ಟು ಬಿಚ್ತಾರೆ. ಎಷ್ಟೋ ವರ್ಷದ ಹಿಂದೆ ದೇವಸ್ಥಾನದ ಒಡವೆ ಕಳುವಾಗಿತ್ತು. ಕಳ್ಳತನದ ಆರೋಪ ಬಿದ್ದಿದ್ದು ಕೆಳಜಾತಿಯ ಒಂದು ಬಡ ಕುಟುಂಬದ ಮೇಲೆ. ಆ ಕುಟುಂಬ ನಾಶವಾಯ್ತು. ಉಳಿದ ಇಬ್ಬರು ಗಂಡುಮಕ್ಕಳು ವೇಷ ಮರೆಸಿ ಬಂದು ಊರವರ ಮಕ್ಕಳನ್ನ ಕೊಲ್ತಿದ್ದಾರೆ. ಅವರು ಕೊಂದವರಲ್ಲಿ ಹೀರೋನ ಮಗಳೂ ಒಬ್ಬಳು. ಹೀರೋ ಇಬ್ಬರನ್ನೂ ಮುಗಿಸ್ತಾನೆ. ವಿಷಲ್, ಶಿಳ್ಳೆ, ಶುಭಂ.

ನಮ್ಮ ಹುಡುಗರು ಹೀರೋ ಎಂಟ್ರಿಗೆ ಸೀಟಿನಿಂದ ಎದ್ದು ಕೂಗಿದ್ರು. ಕ್ಲೈಮ್ಯಾಕ್ಸ್‌ಗೆ ಒಬ್ಬನೂ ಕೂಗಲಿಲ್ಲ. ವಾಪಸ್ ಬಸ್ಸಲ್ಲಿ ಕಲಘಟಗಿ ದಾಟೋವರೆಗೂ ಮಾತಿಲ್ಲ. ಆಮೇಲೆ ದಾಂಡೇಲಿ ಹುಡುಗ ಕೇಳ್ದ:

'ಅಣ್ಣಾ, ಆ ಮನಿ ಹಾಳ ಮಾಡಿದವ್ರ ಮ್ಯಾಲ ಕೇಸ್ ಆತೇನ್ರಿ? ಹೀರೋ ಇನ್‌ಸ್ಪೆಕ್ಟರ್ ಅಲ್ಲೇನು?'

ನನ್ನ ಹತ್ರ ಉತ್ತರ ಇರಲಿಲ್ಲ. ಸಿನಿಮಾ ಆ ಪ್ರಶ್ನೆಯನ್ನೇ ಕೇಳಿಕೊಂಡಿಲ್ಲವಲ್ಲ. ಕಥೆ ನಡೆಯೋ ಹಳೇ ಕಾಲದಲ್ಲಿ 1989ರ ಅಟ್ರಾಸಿಟಿ ಕಾಯ್ದೆ ಇರಲಿಲ್ಲ ಅನ್ಕೊಳ್ಳೋಣ. 1860ರ ಐಪಿಸಿ ಆಗಲೂ ಇತ್ತಲ್ಲ? ಮಕ್ಕಳ ಕೊಲೆಗೆ ಅಷ್ಟು ಜಾಣತನದಿಂದ ತನಿಖೆ ಮಾಡೋ ಪೊಲೀಸ್ ಬುದ್ಧಿ ಆ ಹಳೇ ಪಾಪದ ಹತ್ರ ಬಂದ ಕೂಡ್ಲೇ ಯಾಕೆ ಮಂಕಾಗುತ್ತೆ?

ಇಲ್ಲಿ ಒಂದು ಲೆಕ್ಕ ನೋಡಿ. ಹೀರೋ ಮಗಳನ್ನ ಕಳ್ಕೊಂಡಿದ್ದಾನೆ. ವಿಲನ್‌ಗಳು ಇಡೀ ಮನೆಯನ್ನೇ ಕಳ್ಕೊಂಡಿದ್ದಾರೆ. ನೋವು ಇಬ್ಬರಿಗೂ ಇದೆ, ಇಬ್ಬರೂ ಸೇಡಿಗೇ ಬಂದವರು. ಒಬ್ಬನ ಸೇಡಿಗೆ ಸ್ಲೋ ಮೋಷನ್, ಸಿಗಾರ್, ಹಿನ್ನೆಲೆ ಸಂಗೀತ. ಇನ್ನೊಬ್ಬರ ಸೇಡಿಗೆ ಬಣ್ಣ ಬಳಿದ ವಿಕಾರ ಮುಖ. ಎಲ್ಲಾ ಸೂಪರ್‌ಹೀರೋ ಕಥೆಯಲ್ಲೂ ಹೀರೋ ಹುಟ್ಟೋದೇ ಅನ್ಯಾಯದಿಂದ. ಬ್ಯಾಟ್‌ಮ್ಯಾನ್ ಕಣ್ಣೆದುರೇ ಅಪ್ಪ ಅಮ್ಮ ಸಾಯ್ತಾರೆ, ಸ್ಪೈಡರ್‌ಮ್ಯಾನ್ ಚಿಕ್ಕಪ್ಪನ್ನ ಕಳ್ಕೊಳ್ತಾನೆ. ಅದೇ ನೋವು ಅವರನ್ನ ಹೀರೋ ಮಾಡುತ್ತೆ. ನಮ್ಮ ಮನೆ ಮಗನಿಗೆ ಅದೇ ಆದ್ರೆ ಅವನು ಮಕ್ಕಳ ಕೊಲೆಗಾರ ಆಗ್ತಾನಾ? ಹಂಗ್ಯಾಕೆ?

ಕೊಂದಿದ್ದು ತಪ್ಪಲ್ವಾ ಅಂತ ಯಾರೋ ಕಾಮೆಂಟ್ ಹಾಕ್ತಾರೆ, ಗೊತ್ತು. ತಪ್ಪೇ. ಮಕ್ಕಳನ್ನ ಕೊಂದವರನ್ನ ನಾನು ಸಮರ್ಥಿಸ್ತಿಲ್ಲ. ಆದ್ರೆ ಆ ಕೊಲೆಗಾರರನ್ನ ಕಟ್ಟಿದ್ದು ಕಥೆ ಬರೆದವರು. ಜಾತಿ ಅನ್ಯಾಯ ಉಂಡವನನ್ನ ಎಂಥವನಾಗಿ ಬೇಕಾದ್ರೂ ಬರೀಬಹುದಿತ್ತು. ಇದನ್ನೇ ಆರಿಸ್ಕೊಂಡ್ರು.

ದಲಿತರನ್ನ ವಿಲನ್ ಮಾಡಲೇಬಾರದಾ ಅಂತ ಇನ್ನೊಂದು ಪ್ರಶ್ನೆ ಬರುತ್ತೆ. ಮಾಡ್ರಿ. ನಾವೇನು ದೇವರ ಪಟ ಅಲ್ಲ. 2021ರ ಡಿಸೆಂಬರ್‌ನಲ್ಲಿ ಮಲಯಾಳಂನ 'ಮಿನ್ನಲ್ ಮುರಳಿ' ಬಂತಲ್ಲ, ಬಾಸಿಲ್ ಜೋಸೆಫ್ ಮಾಡಿದ್ದು, ಅದೂ ಸೂಪರ್‌ಹೀರೋ ಸಿನಿಮಾನೇ. ಅದರಲ್ಲಿ ಶಿಬು ವಿಲನ್. ಊರು ಅವನನ್ನ ಹುಚ್ಚಿಯ ಮಗ ಅಂತ ದೂರ ಇಟ್ಟಿರುತ್ತೆ. ಅವನ ಒಂಟಿತನ, ಅವನ ಪ್ರೀತಿ, ಅವನ ಸಿಟ್ಟು ಎಲ್ಲಕ್ಕೂ ಸಿನಿಮಾ ಜಾಗ ಕೊಡ್ತು. ಅವನು ಮಾಡಿದ್ದು ತಪ್ಪು ಅಂತ ಗೊತ್ತಿದ್ರೂ ಅವನಿಗಾಗಿ ಕಣ್ಣೀರು ಬರುತ್ತೆ. ಇಲ್ಲಿ? ಆ ಇಬ್ಬರು ಅಣ್ಣತಮ್ಮಂದಿರ ಬಾಲ್ಯಕ್ಕೆ ಸಿಕ್ಕಿದ್ದು ಒಂದು ಫ್ಲಾಶ್‌ಬ್ಯಾಕ್. ಮಂಜಿಗೆ ಕೊಟ್ಟಷ್ಟು ಹೊತ್ತು ಅವರ ನೋವಿಗೆ ಕೊಡಲಿಲ್ಲ. ನಮ್ಮ ಸಂಕಟ ಅವರಿಗೆ ಒಂದು ಟ್ವಿಸ್ಟ್, ಅಷ್ಟೆ.

1975ರಲ್ಲಿ ಇದೇ ಕನ್ನಡದಲ್ಲಿ ಬಿ.ವಿ. ಕಾರಂತರು 'ಚೋಮನ ದುಡಿ' ಮಾಡಿದ್ರು. ಅದಕ್ಕೂ ಟೀಕೆಗಳಿವೆ, ಚೋಮ ಸೋತು ಸಾಯ್ತಾನೆ. ಆದ್ರೆ ಅವನಿಗೆ ತುಂಡು ಭೂಮಿ ಬೇಕಿತ್ತು ಅನ್ನೋದು ಸಿನಿಮಾ ಮುಗಿಯೋವರೆಗೂ ಮರೆಯಲ್ಲ. 47 ವರ್ಷ ಆದ್ಮೇಲೆ, ಅಷ್ಟು ಕೋಟಿ ಸುರಿದು ನಾವು ಎಲ್ಲಿಗೆ ಬಂದ್ವಿ?

ಈಗ ಹೊರಗಿನ ಜಗತ್ತು ನೋಡಿ. ಈ ಸಿನಿಮಾ ಓಡ್ತಿರುವಾಗಲೇ ರಾಜಸ್ಥಾನದ ಜಾಲೋರ್ ಜಿಲ್ಲೆಯ 9 ವರ್ಷದ ದಲಿತ ಹುಡುಗ ಆಗಸ್ಟ್ 13ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡ. ನೀರಿನ ಮಡಕೆ ಮುಟ್ಟಿದ್ದಕ್ಕೆ ಮೇಷ್ಟ್ರು ಹೊಡೆದ್ರು ಅಂತ ಮನೆಯವರು ಹೇಳ್ತಾರೆ. 2022ರ ಸೆಪ್ಟೆಂಬರ್ 8ಕ್ಕೆ ನಮ್ಮದೇ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ 15 ವರ್ಷದ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಮೈಲಿಗೆ ಆಯ್ತು ಅಂತ 60,000 ರೂಪಾಯಿ ದಂಡ ಹಾಕಿದ್ರು. ಕೊಡದಿದ್ರೆ ಊರು ಬಿಡಿ ಅಂದ್ರು. ಅಲ್ಲಿ ದೇವರ ಒಡವೆ, ಇಲ್ಲಿ ದೇವರ ಕೋಲು. ಸಿನಿಮಾದ ಫ್ಲಾಶ್‌ಬ್ಯಾಕ್ ಇನ್ನೂ ನಡೀತಾನೇ ಇದೆ ನೋಡಿ.

ಆದ್ರೆ ಮುಂದಿನ ಕಥೆ ಬೇರೆ. ಆ ಹುಡುಗನ ಅವ್ವ ಸುಮ್ಮನಿರಲಿಲ್ಲ. ವಿಷಯ ಪೊಲೀಸರ ತನಕ ಹೋಯ್ತು, ಕೇಸಾಯ್ತು. ಮನೆಯಲ್ಲಿದ್ದ ದೇವರ ಫೋಟೋ ತೆಗೆದು ಆಕೆ ಬಾಬಾಸಾಹೇಬರ ಫೋಟೋ ಹಾಕಿದ್ರು. ಯಾರ ಮಗುವಿನ ಮೇಲೂ ಕೈ ಎತ್ತಲಿಲ್ಲ.

ಕಂಬಾಲಪಲ್ಲಿ ನೆನಪಿದೆಯಾ? 2000ದ ಮಾರ್ಚ್ 11, 7 ಜನ ದಲಿತರನ್ನ ಜೀವಂತ ಸುಟ್ರು. 2006ರಲ್ಲಿ ಆರೋಪಿಗಳು ಖುಲಾಸೆ ಆದ್ರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ಆಗ ನಾವು ಮಾಡಿದ್ದೇನು? ಬೀದಿಗಿಳಿದ್ವಿ, ಹಾಡು ಕಟ್ಟಿದ್ವಿ, ಅರ್ಜಿ ಬರೆದ್ವಿ. ಅವಮಾನ ಉಂಡ ಸಮುದಾಯ ಸಂವಿಧಾನ ಹಿಡ್ಕೊಂಡು ನಿಂತಿದ್ದೇ ಈ ನೆಲದ ದೊಡ್ಡ ಹೀರೋ ಕಥೆ. ಶಾಲೆಯಲ್ಲಿ ನೀರು ಮುಟ್ಟೋಕೆ ಬಿಡದ ಒಬ್ಬ ಹುಡುಗ ಬೆಳೆದು 1927ರಲ್ಲಿ ಮಹಾಡದ ಕೆರೆಗೆ ಜನರನ್ನ ಕರ್ಕೊಂಡು ಹೋಗಿ ನೀರು ಕುಡಿದ. ಇದಕ್ಕಿಂತ ಸೂಪರ್‌ಹೀರೋ ಕಥೆ ಬೇಕಾ?

ಬಸ್ಸಲ್ಲಿ ಸಿದ್ದಿ ಹುಡುಗ ಇನ್ನೊಂದು ಮಾತು ಹೇಳ್ದ. 'ನಿಮ್ಮವ್ರು ವಿಲನ್ನರೆ ಆದ್ರು ಅಣ್ಣಾ. ನಮ್ಮವ್ರು ಬಂದ್ರ ಕುಣಿಯಾಕ, ಇಲ್ಲಾ ನಗಸಾಕ.' ಎಲ್ಲರೂ ನಕ್ವಿ. ನಗು ಅಲ್ಲೇ ನಿಲ್ತು. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳ ಕಾಲಲ್ಲಿ ಶಕ್ತಿ ಇದೆ ಅಂತ ಹುಡುಕಿ ಬಂದಿದ್ರು, ಕರ್ಕೊಂಡು ಹೋಗಿ ತರಬೇತಿ ಕೊಟ್ರು. ಕೆಲವರು ದೇಶಕ್ಕೆ ಪದಕ ತಂದ್ರು. ಕೆಲವೇ ವರ್ಷಕ್ಕೆ ಆ ಯೋಜನೆ ನಿಂತುಹೋಯ್ತು, ಎಷ್ಟೋ ಜನ ಗದ್ದೆ ಕೂಲಿಗೆ ಮರಳಿದ್ರು. ನಮ್ಮ ಜಿಲ್ಲೆಯ ಸಿದ್ದಿಯರಿಗೆ ಎಸ್‌ಟಿ ಮಾನ್ಯತೆ ಸಿಗೋಕೆ 2003 ಬರಬೇಕಾಯ್ತು. ಶಕ್ತಿ ಇದ್ರೆ ಸಾಲದು, ನಿಮ್ಮ ಕಥೆ ಬರೆಯೋ ಪೆನ್ನು ಯಾರ ಕೈಲಿದೆ ಅನ್ನೋದು ಮುಖ್ಯ.

ಸುದೀಪ್ ಅಭಿಮಾನಿಗಳೇ, ಜಗಳಕ್ಕೆ ಬಂದಿಲ್ಲ. ನಮ್ಮ ಹುಡುಗರೂ ನಿಮ್ಮವರೇ, ಟಿಕೆಟ್ ಅವರೂ ತಗೊಂಡಿದ್ದಾರೆ. ಅದಕ್ಕೇ ಕೇಳೋ ಹಕ್ಕಿದೆ. ಗೆಳೆಯರಲ್ಲಿ ಒಂದೇ ವಿನಂತಿ: ಬಹಿಷ್ಕಾರ, ಬ್ಯಾನ್ ಅಂತ ಹೊರಡಬೇಡಿ. ನಿಮ್ಮ ಊರಿನ ಹಾಸ್ಟೆಲ್‌ಗೆ ಹೋಗಿ. ಮಕ್ಕಳ ಜೊತೆ ಕೂತು ಈ ಸಿನಿಮಾ ನೋಡಿ, ಮುಗಿದ ಮೇಲೆ ಎದ್ದು ಬರಬೇಡಿ, ಮಾತಾಡಿ. ನೀನು ಬರೆದಿದ್ರೆ ಆ ಇಬ್ಬರು ಏನಾಗ್ತಿದ್ರು ಅಂತ ಕೇಳಿ.

ನಾನು ಬಸ್ಸಲ್ಲೇ ಕೇಳ್ದೆ. ಹಳಿಯಾಳ ಬಂದಿತ್ತು, ಅಲ್ಲಿನ ಹುಡುಗ ಇಳಿಯೋ ಗಡಿಬಿಡಿಯಲ್ಲಿದ್ದ. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೇಳ್ದ:

'ಒಬ್ಬಾಂವ ವಕೀಲ ಆಕ್ಕಿದ್ದಾರಿ. ಇನ್ನೊಬ್ಬಾಂವ ಅದೇ ಊರಿಗೆ ಇನ್‌ಸ್ಪೆಕ್ಟರ್ ಆಗಿ ಬರತಿದ್ದಾ.'

ಆ ಸಿನಿಮಾ ಬರಲಿ. ಮೊದಲ ದಿನ ಮೊದಲ ಶೋಗೆ ಬಸ್ ನಾನೇ ಮಾಡಿಸ್ತೀನಿ.

ಜೈ ಭೀಮ್.