ಬಸ್ರಾಕ್ಕೆ ಹೋದವರ ಹೆಸರು ಬರೆದಿಡೋಣ

ಸಲಗರೆಯ ಅಕ್ಕಂದಿರೇ, ಅಣ್ಣಂದಿರೇ. ಆರಗ, ಬೇಡಗ, ಬೆಳಂಕಿ, ಮ್ಹೈಸಾಳದ ಬಂಧುಗಳೇ,

ಯುದ್ಧ ಬೇಕು ಎನ್ನುವ ಕೂಗು ಇವತ್ತು ಗಡಿಯಿಂದ ಬಹಳ ದೂರದಲ್ಲಿ, ಬಹಳ ಜೋರಾಗಿ ಕೇಳುತ್ತಿದೆ. ಟಿವಿ ಹಚ್ಚಿದರೆ ಅದೇ, ಮೊಬೈಲ್ ತೆರೆದರೆ ಅದೇ. ಕೂಗುವವರು ಮಾತುಮಾತಿಗೂ ಸಿಪಾಯಿಯ ಆಣೆ ಇಡುತ್ತಾರೆ, ಆದರೆ ಅವನ ಬದುಕಿನ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಕಂದಕದಲ್ಲಿ ನಿಂತವನು ಏನು ಉಂಡ? ಎಷ್ಟು ಹೊತ್ತು ಕಣ್ಣು ಮುಚ್ಚಿದ? ಯಾವ ರೋಗ ಅವನನ್ನು ತಿಂದಿತು? ಅವನೆದುರಿಗೆ ನಿಂತವನು ಯಾವ ಊರಿನ ಯಾರ ಮಗ? ಇಷ್ಟನ್ನು ಕೇಳದೆ ಯುದ್ಧ ಬೇಡುವ ಹಕ್ಕು ಯಾರಿಗೂ ಇಲ್ಲ. ನಮ್ಮ ಸೀಮೆಯವರಿಗಂತೂ ಇಲ್ಲವೇ ಇಲ್ಲ.

ನಮ್ಮದು ಪಲ್ಟನ್ನಿಗೆ ಮಕ್ಕಳನ್ನು ಕೊಟ್ಟ ಸೀಮೆ. ನಮ್ಮ ಸಾಂಗಲಿಯೂ ಸೇರಿದಂತೆ ದಖನ್ ಮತ್ತು ಕೊಂಕಣದ ಹಳ್ಳಿಗಳಿಂದ ಮರಾಠಾ ಪಲ್ಟನ್‌ಗಳಿಗೆ ಆಳುಗಳನ್ನು ಸೇರಿಸುತ್ತಿದ್ದರು. ದಖನಿನ ಮುಸಲ್ಮಾನರೂ ಅದೇ ಪಲ್ಟನ್‌ಗಳಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರು. ಮರಾಠಾ ರೆಜಿಮೆಂಟಿನ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಮಳೆ ಕೈಕೊಟ್ಟು ಜೋಳ ಬಾರದ ವರ್ಷ, ತಿಂಗಳಿಗೆ 11 ರೂಪಾಯಿ ಪಗಾರ ಒಂದು ಮನೆಯನ್ನು ಉಳಿಸುತ್ತಿತ್ತು. ಮೊದಲ ಮಹಾಯುದ್ಧಕ್ಕೆಂದು ಸಮುದ್ರ ದಾಟಿದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು, ಸತ್ತವರು 70,000ಕ್ಕೂ ಹೆಚ್ಚು. ಸಮುದ್ರ ದಾಟಿದವರಲ್ಲಿ ಬಹಳ ಮಂದಿ ಇಳಿದದ್ದು ಬಸ್ರಾ ಬಂದರಿನಲ್ಲಿ, ಇವತ್ತಿನ ಇರಾಕಿನಲ್ಲಿ.

ಅಲ್ಲಿ ಟೈಗ್ರಿಸ್ ಹೊಳೆ ಬಳಸಿ ಹರಿಯುವ ತಿರುವಿನಲ್ಲಿ ಕೂತ್ ಎಂಬ ಊರಿದೆ. 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಸೇನೆ ಆ ಊರಿಗೆ ಮುತ್ತಿಗೆ ಹಾಕಿತು. ಒಳಗೆ ಸಿಕ್ಕಿಬಿದ್ದ ಬ್ರಿಟಿಷರ ಪುಣೆ ಡಿವಿಜನ್ನಿನಲ್ಲಿ 103, 110, 117ನೆಯ ಮರಾಠಾ ಪಲ್ಟನ್‌ಗಳು, ಮೂರೂ ಇದ್ದವು. ಕೃಷ್ಣೆಯ ದಂಡೆಯ ನೆಲದಲ್ಲಿ ಬೆಳೆದ ಹುಡುಗರು ಟೈಗ್ರಿಸ್ ದಂಡೆಯಲ್ಲಿ ಸಲಿಕೆ ಹಿಡಿದು ಮಣ್ಣು ತೋಡಿದರು. ಕಂದಕದ ಸಿಪಾಯಿಯ ದಿನದಲ್ಲಿ ಬಂದೂಕಿಗಿಂತ ಸಲಿಕೆಯ ಕೆಲಸವೇ ಹೆಚ್ಚು. ರಾತ್ರಿ ತೋಡಿದ್ದು ಹಗಲು ಕುಸಿಯುತ್ತಿತ್ತು. ನೀರಿಗೆಂದು ಹೊಳೆಗೆ ಇಳಿದವನ ಮೇಲೆ ಆಚೆ ದಂಡೆಯಿಂದ ಗುಂಡು ಬರುತ್ತಿತ್ತು. ಹೇನು, ಕೆಸರು, ಬೇಧಿ, ಚಳಿಜ್ವರ ದಿನದ ಸಂಗಾತಿಗಳಾದವು.

ಹಸಿವು ಇವೆಲ್ಲಕ್ಕಿಂತ ದೊಡ್ಡದಾಗಿತ್ತು. ರೇಷನ್ ತೀರುತ್ತಾ ಬಂದಾಗ ಕುದುರೆಗಳನ್ನು ಕೊಯ್ದರು. ನಮ್ಮವರಲ್ಲಿ ಬಹಳಷ್ಟು ಮಂದಿ ಆ ಮಾಂಸ ಮುಟ್ಟಲಿಲ್ಲ. ಧರ್ಮಗುರುಗಳಿಂದ ಅನುಮತಿ ತರಿಸಿ ಹೇಳಿದರೂ ಬಹಳ ದಿನ ಮುಟ್ಟಲಿಲ್ಲ. ಊರಿಗೆ ಮರಳಿದ ಮೇಲೆ ಜಾತಿಯವರು ಪಂಕ್ತಿಯಿಂದ ಏಳಿಸಿದರೆ, ಮಗಳಿಗೆ ಸಂಬಂಧ ಸಿಗದಿದ್ದರೆ ಎಂಬ ಅಂಜಿಕೆ ಸಾವಿರಾರು ಮೈಲಿ ದೂರದ ಕಂದಕದೊಳಗೂ ಅವರ ಕೈ ಹಿಡಿದಿತ್ತು. ಬಯಲಲ್ಲಿ ಚಿಗುರಿದ ಹುಲ್ಲು-ಸೊಪ್ಪನ್ನು ಕಿತ್ತು ಬೇಯಿಸಿ ತಿಂದರು, ಕೆಲವರು ವಿಷದ ಸೊಪ್ಪು ತಿಂದು ಸತ್ತರು. ಮೈದಾ ಬ್ರೆಡ್ಡು ತಿಂದ ಬಿಳಿ ಸಿಪಾಯಿಗಳಿಗೆ ಬೆರಿಬೆರಿ ಬಂತು. ಹಿಟ್ಟಿನ ರೊಟ್ಟಿ ತಿಂದ ನಮ್ಮವರು ಅದರಿಂದ ಉಳಿದರು, ಆದರೆ ಮಾಂಸವೂ ತರಕಾರಿಯೂ ಇಲ್ಲದೆ ಸ್ಕರ್ವಿ ಅಂಟಿ ಅವರ ಒಸಡು ಕೊಳೆತವು, ಹಳೆಯ ಗಾಯಗಳು ಮತ್ತೆ ಬಾಯಿ ತೆರೆದವು. ಮುತ್ತಿಗೆಗೆ ಮುಂಚೆ ಸಲ್ಮಾನ್ ಪಾಕ್ ಕಾಳಗದಲ್ಲಿ ಗಾಯಗೊಂಡವರನ್ನು ಸ್ಪ್ರಿಂಗು ಇಲ್ಲದ ಗಾಡಿಗಳಲ್ಲಿ ಕುಲುಕಿಸಿ ಹೊಳೆಗೆ ತಂದು, ದೋಣಿಗಳಲ್ಲಿ ಅವರದೇ ಹೊಲಸಿನ ನಡುವೆ ಬಸ್ರಾದವರೆಗೆ ಸಾಗಿಸಿದ್ದರು. ಸರ್ಕಾರವೇ ನೇಮಿಸಿದ ಮೆಸೊಪೊಟೇಮಿಯಾ ಕಮಿಷನ್ 1917ರಲ್ಲಿ ಈ ಅವ್ಯವಸ್ಥೆಯನ್ನು ಬಯಲಿಗೆಳೆಯಿತು, ಲಂಡನ್ನಿನಲ್ಲಿ ಭಾರತ ಖಾತೆಯ ಮಂತ್ರಿ ರಾಜೀನಾಮೆ ಕೊಡಬೇಕಾಯಿತು.

ಈಗ ಎದುರಿನ ಕಂದಕಕ್ಕೆ ಬನ್ನಿ. ಅಲ್ಲಿದ್ದವನು ಅನಾತೋಲಿಯಾದ ಗೋಧಿ ಹೊಲದ ರೈತ, ಕುರ್ದ್ ಕುರಿಗಾಹಿ, ಅರಬ್ ಹುಡುಗ. ಅವನಿಗೆ ಆಯ್ಕೆಯೇ ಇರಲಿಲ್ಲ. 1914ರಲ್ಲಿ ಡಂಗುರ ಸಾರಿ ಊರೂರಿನ ಗಂಡಸರನ್ನು ಎಳೆದೊಯ್ದರು, ಕೊಯ್ಲನ್ನು ಹೆಂಗಸರೂ ಮಕ್ಕಳೂ ಮಾಡಬೇಕಾಯಿತು. ಅವನ ಕಾಲಿಗೂ ನೆಟ್ಟಗೆ ಬೂಟಿರಲಿಲ್ಲ. ಅವನ ಅಂಗಿಯಲ್ಲೂ ಅದೇ ಹೇನು. ಆ ಹೇನು ಹರಡಿದ ಟೈಫಸ್ ಜ್ವರ ಅವರ ಸೇನೆಯ ಮುಖ್ಯಸ್ಥನಾಗಿದ್ದ ಜರ್ಮನ್ ಫೀಲ್ಡ್ ಮಾರ್ಷಲ್ ಗೋಲ್ಟ್ಸ್‌ನನ್ನೇ ಬಗ್ದಾದಿನಲ್ಲಿ ಬಲಿ ತೆಗೆದುಕೊಂಡ ಮೇಲೆ, ಸಾಮಾನ್ಯ ಸಿಪಾಯಿಯ ಪಾಡು ಹೇಳಬೇಕೆ? ಆ ಮಹಾಯುದ್ಧದಲ್ಲಿ ತುರ್ಕರ ಸೇನೆಯಲ್ಲಿ ಗುಂಡಿಗೆ ಸತ್ತವರಿಗಿಂತ ರೋಗಕ್ಕೆ ಸತ್ತವರೇ ಹೆಚ್ಚು. 1916ರ ಮಾರ್ಚಿನಲ್ಲಿ ಟೈಗ್ರಿಸ್ ಉಕ್ಕಿದಾಗ ಹೊಳೆ ಯಾರ ಕಂದಕ ಎಂದು ನೋಡಲಿಲ್ಲ. ಎರಡೂ ಕಡೆಯವರು ಒಂದೇ ಕೆಸರುನೀರಿನಲ್ಲಿ ನಿಂತು ಒಡ್ಡು ಕಟ್ಟಿದರು.

ಮೀರಜದ ಮೀರಾಸಾಹೇಬ ದರ್ಗಾಕ್ಕೆ ಹರಕೆ ಹೊರುವ ನಾಡಿನವರು ನಾವು, ಹಿಂದೂ-ಮುಸಲ್ಮಾನ ಎನ್ನದೆ. ಸಲ್ಮಾನ್ ಪಾಕ್ ಎಂದರೆ ಪ್ರವಾದಿಯ ಸಂಗಾತಿ ಸಲ್ಮಾನರ ಗೋರಿ ಇರುವ ಊರು. ಖಲೀಫನೆನಿಸಿದ ತುರ್ಕರ ಸುಲ್ತಾನನ ಸೇನೆಯ ಮೇಲೆ, ಆ ಪುಣ್ಯಸ್ಥಳದ ಬಳಿಯಲ್ಲೇ ಗುಂಡು ಹಾರಿಸು ಎಂದಾಗ ನಮ್ಮ ಪಲ್ಟನ್ನಿನ ಮುಸಲ್ಮಾನ ಸಿಪಾಯಿಯ ಎದೆಯಲ್ಲಿ ಏನಾಗಿರಬೇಕು! 

ಮನುಷ್ಯತ್ವ ಆ ಕಂದಕಗಳಲ್ಲೂ ಸತ್ತಿರಲಿಲ್ಲ. 1914ರ ಕ್ರಿಸ್‌ಮಸ್ ದಿನ ಫ್ರಾನ್ಸಿನಲ್ಲಿ ಗಢವಾಲಿನ ಸಿಪಾಯಿಗಳೂ ಜರ್ಮನರೂ ಎರಡು ಕಂದಕಗಳ ನಡುವಿನ ಬಯಲಿಗೆ ಬಂದು ಮುಖಾಮುಖಿಯಾದರು. 1915ರ ಮೇ 24ರಂದು ಗಲಿಪೊಲಿಯಲ್ಲಿ ತುರ್ಕರೂ ಬ್ರಿಟಿಷರ ಕಡೆಯವರೂ ಗುಂಡು ನಿಲ್ಲಿಸಿ, ಒಬ್ಬರ ಪಕ್ಕ ಒಬ್ಬರು ನಿಂತು ತಮ್ಮ ತಮ್ಮ ಹೆಣಗಳನ್ನು ಹೂತರು. ಆಮೇಲೆ ಅದೇ ಕೈಗಳಿಗೆ ಮತ್ತೆ ಬಂದೂಕು ಕೊಟ್ಟರು. ಕೊಟ್ಟವರು ಹಿಂದೆ ಇದ್ದರು, ಬಹಳ ಹಿಂದೆ.

ಕೂತ್ ಮುತ್ತಿಗೆಯ ಕೊನೆಯನ್ನೂ ನಾವು ಮರೆಯಬಾರದು. ಕೂತ್‌ನಲ್ಲಿ ಸುಮಾರು 13,000 ಮಂದಿ ಶರಣಾದರು. ಅವರನ್ನು ಬಿಡಿಸಲು ಹೊರಟ ಸೇನೆಯಲ್ಲಿ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 23,000. ಶರಣಾದ ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಕಾವಲಿನವರ ಏಟು, ನೀರಡಿಕೆ, ಬೇಧಿಗೆ ದಾರಿಯುದ್ದಕ್ಕೂ ಜನ ಬಿದ್ದರು. ಉಳಿದ ನಮ್ಮವರನ್ನು ರಾಸ್ ಅಲ್-ಐನ್‌ನಲ್ಲಿ ಬಗ್ದಾದ್ ರೈಲುಹಳಿಯ ಕೂಲಿಗೆ ಹಚ್ಚಿದರು. ಭಾರತೀಯ ಕೈದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಅವರ ಸೇನಾಧಿಪತಿ ಟೌನ್‌ಶೆಂಡ್ ಮಾತ್ರ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿ ಸೆರೆಯಿದ್ದ. ಸೆರೆಯಲ್ಲಿದ್ದಾಗಲೇ ‘ಸರ್’ ಪದವಿ ಪಡೆದ. ಗೆದ್ದ ತುರ್ಕರ ಸೇನಾಧಿಪತಿ ಹಲೀಲ್ ಪಾಶಾ ಮುಂದೆ ಕೂತ್ ಎಂಬ ಊರಿನ ಹೆಸರನ್ನೇ ತನ್ನ ಮನೆತನದ ಹೆಸರಾಗಿ ಇಟ್ಟುಕೊಂಡ. ಸೋತ ದೊರೆಗೆ ಪದವಿ, ಗೆದ್ದ ದೊರೆಗೆ ಹೆಸರು. ಸಿಪಾಯಿಗೆ ಏನು?

ಸಿಪಾಯಿಗೆ ಸಂಖ್ಯೆ. ಬಸ್ರಾದಲ್ಲಿ ಬ್ರಿಟಿಷರು ಕಟ್ಟಿದ ಸ್ಮಾರಕ 40,000ಕ್ಕೂ ಹೆಚ್ಚು ಮಂದಿಗೆ ಸೇರಿದ್ದು. ಬ್ರಿಟಿಷ್ ಸಿಪಾಯಿಗಳ ಹೆಸರನ್ನು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರನ್ನೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗೆ ಬಂದಾಗ ಪಲ್ಟನ್ನಿನ ಹೆಸರಿನ ಕೆಳಗೆ ಇಷ್ಟು ಮಂದಿ ಎಂಬ ಲೆಕ್ಕವನ್ನಷ್ಟೇ ಇಟ್ಟರು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ಈ ತಾರತಮ್ಯವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು.

ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಹೀಗೆ ಮಾಡಿರಲಿಲ್ಲ. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತ ಸಾಮಾನ್ಯ ಆಳಿಗೂ ಕನ್ನಡನಾಡು ವೀರಗಲ್ಲು ನಿಲ್ಲಿಸಿತು, ಅವನ ಹೆಸರು ಬರೆಸಿತು, ಯಾರ ಮಗ, ಯಾರಿಗಾಗಿ ಸತ್ತ ಎಂದು ಬರೆಸಿತು. ಬೇಗೂರಿನಲ್ಲಿ ಸಿಕ್ಕ ಒಂಬತ್ತನೆಯ ಶತಮಾನದ ಕಲ್ಲು ಬೆಂಗಳೂರು ಕಾಳಗದಲ್ಲಿ ಸತ್ತವನ ಹೆಸರನ್ನು ಇವತ್ತಿಗೂ ಹೇಳುತ್ತಿದೆ. ಊರ ಅಗಸೆಯಲ್ಲಿ, ಗುಡಿಯ ಹಿಂದೆ ಅಂಥ ಕಲ್ಲುಗಳನ್ನು ನಾವು ನೋಡುತ್ತಲೇ ಬೆಳೆದವರು. ಉಳಿ ಹಿಡಿದ ಹಳ್ಳಿಯ ಶಿಲ್ಪಿಗೆ ಇದ್ದ ನ್ಯಾಯಬುದ್ಧಿ ಅರ್ಧ ಜಗತ್ತು ಆಳಿದ ಸಾಮ್ರಾಜ್ಯಕ್ಕೆ ಇರಲಿಲ್ಲ. ನಮಗಾದರೂ ಇದೆಯೇ? ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಬಸ್ರಾಕ್ಕೆ ಹೋದವರ ಹೆಸರನ್ನು ನಾವು ಕೂಡಿಸಿಟ್ಟೆವೇ?

ಇದು ಮುಗಿದ ಕತೆ ಎಂದು ತಿಳಿಯಬೇಡಿ. ಸಿಯಾಚಿನ್‌ನಲ್ಲಿ 1984ರಿಂದ ಎರಡು ದೇಶಗಳ ಮಕ್ಕಳು ಎದುರುಬದುರಾಗಿ ಹಿಮದಲ್ಲಿ ನಿಂತಿದ್ದಾರೆ. ಗುಂಡಿಗಿಂತ ಚಳಿ, ಹಿಮಪಾತ, ಉಸಿರುಗಟ್ಟುವ ಎತ್ತರವೇ ಹೆಚ್ಚು ಮಂದಿಯನ್ನು ಕೊಂದಿದೆ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ ಸಿಪಾಯಿಗಳೂ ಸೇರಿ 140 ಮಂದಿ ಹೂತುಹೋದರು. 2016ರ ಫೆಬ್ರವರಿ 3ರಂದು ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು ನಮ್ಮ ಹತ್ತು ಮಂದಿಯನ್ನು ನುಂಗಿತು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಹೊರಬಂದಾಗ ಇಡೀ ದೇಶ ಪ್ರಾರ್ಥಿಸಿತು. ಫೆಬ್ರವರಿ 11ರಂದು ಆತ ತೀರಿಕೊಂಡ. ಬೆಟದೂರಿನ ತಾಯಿಯ ಅಳುವೂ ಗಯಾರಿಯಲ್ಲಿ ಸತ್ತವನ ತಾಯಿಯ ಅಳುವೂ ಬೇರೆ ಬೇರೆಯೇ? ಹೌದು ಎನ್ನುವವರು ಎದೆ ಮುಟ್ಟಿಕೊಂಡು ಹೇಳಲಿ.

ಕಂದಕ ನಮ್ಮ ಹುಡುಗರನ್ನು ಇನ್ನೂ ಕರೆಯುತ್ತಲೇ ಇದೆ. ಭದ್ರತಾ ಸಿಬ್ಬಂದಿಯ ಕೆಲಸ, ಒಳ್ಳೆಯ ಸಂಬಳ ಎಂದು ಏಜೆಂಟರು ನಂಬಿಸಿದ್ದಕ್ಕೆ ಕಲಬುರಗಿ ಜಿಲ್ಲೆಯ ಯುವಕರು ರಷ್ಯಾಕ್ಕೆ ಹೋದರು. ಅಲ್ಲಿ ಅವರನ್ನು ಯುಕ್ರೇನ್ ಗಡಿಗೆ ಕಳಿಸಿ ಕಂದಕ ತೋಡಲು ಹಚ್ಚಿದರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಜೀವಸಹಿತ ಮನೆ ಸೇರಿದರು, ಭಾರತದ ಬೇರೆ ಕೆಲವರು ಸೇರಲಿಲ್ಲ. ನೂರು ವರ್ಷದ ಹಿಂದೆ 11 ರೂಪಾಯಿ ಎಳೆದೊಯ್ದ ಹಾಗೆಯೇ ಇಂದಿನ ಸಂಬಳ ಎಳೆದೊಯ್ಯುತ್ತದೆ. ಬಡವರ ಮನೆಯ ಮಗನೇ ಕಂದಕಕ್ಕೆ ಇಳಿಯಬೇಕು ಎಂಬ ಕಟ್ಟಳೆ ಬದಲಾಗಿಲ್ಲ.

ಹೀಗೆ ಮಾತಾಡಿದರೆ ಸೈನ್ಯದ ಧೈರ್ಯ ಕುಂದುತ್ತದೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯ ಮೇಲೆ ದಾಳಿಯಾದರೆ ಕಾಯಲೇಬೇಕು, ಕಾಯುವವನಿಗೆ ಊರು ಋಣಿಯಾಗಿರಲೇಬೇಕು. ಆದರೆ ಆ ಋಣ ಜೈಕಾರದಿಂದ ತೀರುವುದಿಲ್ಲ. ಅವನ ಹಸಿವು, ಚಳಿ, ಅಂಜಿಕೆ, ಅವನ ಕೈಯಿಂದ ಸತ್ತವನ ನೆನಪು ಅವನನ್ನು ಕಾಡುವ ರಾತ್ರಿಗಳು, ಇವನ್ನು ತಿಳಿದಾಗಲೇ ಅದು ತೀರಲು ಶುರುವಾಗುತ್ತದೆ. ರಿಟೈರ್ ಆಗಿ ಬಂದ ಫೌಜಿಗಳನ್ನು ಕೇಳಿ. ಯುದ್ಧ ನೋಡಿದವನು ಯುದ್ಧ ಬೇಡುವುದು ಅಪರೂಪ.

ಅದಕ್ಕೇ ಈ ಕರೆ.

ನಿಮ್ಮ ಮನೆಯ ಅಟ್ಟದ ಮೇಲಿನ ಹಳೆಯ ಟ್ರಂಕು ತೆರೆಯಿರಿ. ಬೆಳ್ಳಿಯ ದುಂಡು ಮೆಡಲು ಸಿಕ್ಕರೆ ಅಕ್ಕಸಾಲಿಗನಿಗೆ ಕೊಡಬೇಡಿ, ಅಂಚನ್ನು ಬೆಳಕಿಗೆ ಹಿಡಿಯಿರಿ. ಮೊದಲ ಮಹಾಯುದ್ಧದ ಆ ಮೆಡಲಿನ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಕೆತ್ತಿರುತ್ತವೆ. ಅದೇ ಅಚ್ಚಿನ ಮೆಡಲು ಕಂಚಿನದಾದರೆ ಅದು ಬಹುಶಃ ಕೂಲಿದಳದಲ್ಲಿ ದುಡಿದ ನಿಮ್ಮ ಮುತ್ತಜ್ಜನದು. ಅದಕ್ಕೂ ಅಷ್ಟೇ ಬೆಲೆ ಇದೆ.

ಕಾಲೇಜಿಗೆ ಹೋಗುವ ಮಕ್ಕಳೇ, ಯುದ್ಧದಲ್ಲಿ ಮಡಿದವರ ಪಟ್ಟಿಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತರ್ಜಾಲದಲ್ಲಿ ಇಟ್ಟಿದೆ. ಹಲವು ಹೆಸರುಗಳ ಜೊತೆ ತಂದೆಯ ಹೆಸರು, ಊರು, ತಾಲ್ಲೂಕು ಇವೆ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಆ ಊರುಗಳ ಗುರುತು ಹತ್ತುವುದು ದಿಲ್ಲಿಯವರಿಗಲ್ಲ, ಲಂಡನ್ನಿನವರಿಗಲ್ಲ, ನಿಮಗೆ. ಕನ್ನಡವನ್ನೂ ಮರಾಠಿಯನ್ನೂ ಬಲ್ಲ ನಿಮ್ಮ ಕಿವಿ ಮಾತ್ರ ಈ ಕೆಲಸ ಮಾಡಬಲ್ಲದು.

ಊರಿನ ಮಾಜಿ ಸೈನಿಕರ ಬಳಿ ಕುಳಿತುಕೊಳ್ಳಿ. ಎಷ್ಟು ಮಂದಿಯನ್ನು ಕೊಂದಿರಿ ಎಂದು ಕೇಳಬೇಡಿ. ಪೋಸ್ಟಿನಲ್ಲಿ ಏನು ಉಣ್ಣುತ್ತಿದ್ದಿರಿ, ಕಾಗದ ಬಾರದ ದಿನ ಏನು ಮಾಡುತ್ತಿದ್ದಿರಿ, ಎದುರಿನ ಪೋಸ್ಟಿನವರ ದನಿ ಕೇಳಿಸುತ್ತಿತ್ತೇ ಎಂದು ಕೇಳಿ. ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಪಂಚಾಯಿತಿಯ ಹಿರಿಯರೇ, ಮೇ 1ರಂದು ಗ್ರಾಮಸಭೆ ಸೇರುತ್ತದೆ. ಕೂತ್ ಬಿದ್ದದ್ದು ಅದಕ್ಕೆ ಎರಡೇ ದಿನ ಮುಂಚೆ, ಏಪ್ರಿಲ್ 29ರಂದು. ಮೇ 1ರ ಸಭೆಯಲ್ಲಿ ನೀರು, ರಸ್ತೆಯ ಮಾತಿಗೆ ಮುಂಚೆ ಸಿಕ್ಕಷ್ಟು ಹೆಸರುಗಳನ್ನು ಓದಿಸಿ. ಒಂದೇ ಹೆಸರು ಸಿಕ್ಕರೂ ಓದಿಸಿ. ಆಮೇಲೆ ಎದುರಿನ ಕಂದಕದಲ್ಲಿ ಸತ್ತವರಿಗೂ ಒಂದು ನಿಮಿಷ ಎದ್ದು ನಿಲ್ಲಿ. ಅವರೂ ಯಾರದೋ ಹೊಲದ ಕೆಲಸ ಬಿಟ್ಟು ಬಂದವರು.

ತಾಯಂದಿರೇ, ಮಗ ವಿದೇಶದ ಕೆಲಸ ಎಂದು ಹೊರಟರೆ ಕಾಗದ-ಪತ್ರ ನೋಡಿ, ನಾಲ್ಕು ಜನರನ್ನು ವಿಚಾರಿಸಿ, ಆಮೇಲೆ ಕಳಿಸಿ. ದ್ವೇಷ ಉಗುಳುವ ವಿಡಿಯೋ ಮೊಬೈಲಿಗೆ ಬಂದರೆ ಮುಂದೆ ಕಳಿಸಬೇಡಿ. ಅದನ್ನು ಹಂಚುವ ಒಂದೊಂದು ಬೆರಳೂ ಯಾರದೋ ಮಗನನ್ನು ಕಂದಕದ ಕಡೆಗೆ ಒಂದು ಹೆಜ್ಜೆ ನೂಕುತ್ತದೆ.

ಹೆಸರು ಅಳಿಸಿಹೋದವನನ್ನು ಸಾವಿಗೆ ಕಳಿಸುವುದು ದೊರೆಗಳಿಗೆ ಸುಲಭ. ಊರೆಲ್ಲ ಹೆಸರು ಹಿಡಿದು ಕರೆಯುವವನನ್ನು ಕಳಿಸಲು ಅವರು ಉತ್ತರ ಕೊಡಬೇಕಾಗುತ್ತದೆ. ಆ ಉತ್ತರ ಕೇಳುವ ಊರುಗಳಾಗೋಣ. ಸಲಗರೆಯಿಂದಲೇ ಶುರುವಾಗಲಿ, ಈ ವಾರವೇ ಶುರುವಾಗಲಿ.