ಸೊನ್ನೆ ಬಿಲ್ಲಿನ ಮನೆಗೆ ಸ್ಮಾರ್ಟ್ ಮೀಟರ್

ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು 2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿದಾಗ ಎದ್ದ ಗದ್ದಲ ಬಹುಮಟ್ಟಿಗೆ ಬೆಲೆಯ ಕುರಿತಾದದ್ದು. ಸಿಂಗಲ್ ಫೇಸ್ ಮೀಟರಿಗೆ ಸುಮಾರು ಐದು ಸಾವಿರ ರೂಪಾಯಿ ಎಂದರೆ ಮಧ್ಯಮ ವರ್ಗ ಹುಬ್ಬೇರಿಸಿದ್ದು ಸಹಜವೇ. ಆದರೆ ಆ ಹಣ ತೆತ್ತ ಮನೆಯವರಿಗೆ ಮೀಟರ್ ಮರಳಿ ಕೊಡುವುದೇನು ಎಂಬ ಪ್ರಶ್ನೆ ಗದ್ದಲದಲ್ಲಿ ಮುಳುಗಿಹೋಯಿತು. ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ವ್ಯಾಪ್ತಿಯಲ್ಲಿರುವ, ಹಾನಗಲ್ ತಾಲ್ಲೂಕಿನ ನಮ್ಮ ಅಕ್ಕಿಆಲೂರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಪ್ರಶ್ನೆಯನ್ನು ಎತ್ತುತ್ತಿದ್ದೇನೆ.

ತತ್ವ ಸರಳವಾದದ್ದು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಸೇರಿದಂತೆ ರಾಜ್ಯದ ಸೌರ ಘಟಕಗಳು ಮಧ್ಯಾಹ್ನ ಧಾರಾಳವಾಗಿ ವಿದ್ಯುತ್ ಕೊಡುತ್ತವೆ. ದೀಪ ಹಚ್ಚುವ ಹೊತ್ತಿಗೆ ಕೈಚೆಲ್ಲುತ್ತವೆ. ಬೇಡಿಕೆ ಏರುವುದೂ ಆಗಲೇ. ಯಾವ ಹೊತ್ತಿನಲ್ಲಿ ಎಷ್ಟು ಬಳಕೆಯಾಯಿತೆಂದು ಹಳೆಯ ಮೀಟರ್ ಹೇಳಲಾರದು, ಸ್ಮಾರ್ಟ್ ಮೀಟರ್ ಹೇಳಬಲ್ಲುದು. ಅದನ್ನು ನೆಚ್ಚಿಯೇ ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳನ್ನು ತಿದ್ದಿ, ಸೌರ ವಿದ್ಯುತ್ತಿನ ಹೊತ್ತಿನಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆಯಿರಬೇಕು, ಗರಿಷ್ಠ ಬೇಡಿಕೆಯ ಹೊತ್ತಿನಲ್ಲಿ ಮನೆಗಳಿಗೂ ಕನಿಷ್ಠ ಶೇ 10ರಷ್ಟು ಹೆಚ್ಚಿರಬೇಕು ಎಂದಿತು. ಕರ್ನಾಟಕಕ್ಕೆ ಈ ವಿಚಾರ ಹೊಸದೂ ಅಲ್ಲ. ಮೈಸೂರಿನಲ್ಲಿ ಸುಮಾರು 22 ಸಾವಿರ ಗ್ರಾಹಕರನ್ನು ಒಳಗೊಂಡ ಸ್ಮಾರ್ಟ್ ಗ್ರಿಡ್ ಪ್ರಾಯೋಗಿಕ ಯೋಜನೆಯನ್ನು ದಶಕದ ಹಿಂದೆಯೇ ಕೈಗೆತ್ತಿಕೊಳ್ಳಲಾಗಿತ್ತು.

ತೊಡಕಿರುವುದು ಬೇರೆಡೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದಾಗಿ ನಮ್ಮೂರಿನಂಥ ಕಡೆಗಳಲ್ಲಿ ಬಹಳಷ್ಟು ಮನೆಗಳ ಬಿಲ್ಲು ಸೊನ್ನೆ. ಹಿಂದಿನ ಸರಾಸರಿ ಬಳಕೆ ತಿಂಗಳಿಗೆ 100 ಯೂನಿಟ್ ಇದ್ದ ಮನೆಗೆ ಶೇ 10 ಸೇರಿಸಿ 110 ಯೂನಿಟ್ ಉಚಿತ. ಆ ಮನೆಯಾಕೆ ನೀರಿನ ಮೋಟಾರನ್ನು ಸಂಜೆ ಏಳಕ್ಕೆ ಹಾಕಿದರೂ ಸೊನ್ನೆ, ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದರೂ ಸೊನ್ನೆ. ಶೇ 20ರ ರಿಯಾಯಿತಿ ಸೊನ್ನೆಯ ಮೇಲೆ ಹೇಗೆ ನಡೆದೀತು? ಬಡವರ ಮನೆಯ ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಆದರೆ ಇಂಥ ಮನೆಗಳಲ್ಲಿ ಈ ಮೀಟರಿನ ಲಾಭವೆಲ್ಲ ಕಂಪನಿಗೇ: ರೀಡಿಂಗಿಗೆ ಆಳು ಬೇಡ, ಕಳವು ಬೇಗ ಪತ್ತೆ, ಕೂತಲ್ಲಿಂದಲೇ ಸಂಪರ್ಕ ಕಡಿತ. ಲಾಭ ಅವರದಾದರೆ ವೆಚ್ಚವೂ ಅವರದಾಗುವುದು ನ್ಯಾಯ.

ಮನೆಯವರನ್ನೂ ಪಾಲುದಾರರನ್ನಾಗಿಸುವ ದಾರಿ ಗೃಹಜ್ಯೋತಿಯೊಳಗೇ ಇದೆ. ಸೌರ ವಿದ್ಯುತ್ತಿನ ಹೊತ್ತಿನಲ್ಲಿ ಬಳಸಿದ ಒಂದು ಯೂನಿಟ್ಟನ್ನು ಮುಕ್ಕಾಲು ಯೂನಿಟ್ಟೆಂದು ಎಣಿಸಲಿ. ಆಗ ಮೋಟಾರು, ಗ್ರೈಂಡರು, ಇಸ್ತ್ರಿಪೆಟ್ಟಿಗೆಗಳನ್ನು ಹಗಲಿಗೆ ಸರಿಸಿದ ಮನೆಯ ಉಚಿತ ಮಿತಿ ತಾನಾಗಿ ಹಿಗ್ಗುತ್ತದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬಂದೀತೆಂಬ ಅಂಜಿಕೆಯೂ ತಗ್ಗುತ್ತದೆ. ಸಂಜೆಯ ದೀಪ, ಫ್ಯಾನುಗಳನ್ನು ಯಾರೂ ಮಧ್ಯಾಹ್ನಕ್ಕೆ ಮುಂದೂಡಲಾರರು. ಅವಕ್ಕೆ ದಂಡ ವಿಧಿಸುವುದು ಬೇಡ.

ಇನ್ನೊಂದು ಮಾತು. ಸ್ಮಾರ್ಟ್ ಮೀಟರ್ ವಿದ್ಯುತ್ ಇಲ್ಲದ ಹೊತ್ತನ್ನೂ ದಾಖಲಿಸಬಲ್ಲುದು. ತಿಂಗಳಲ್ಲಿ ಎಷ್ಟು ಸಲ, ಎಷ್ಟು ಗಂಟೆ ಕರೆಂಟು ಹೋಗಿತ್ತೆಂಬುದು ಯೂನಿಟ್ಟಿನ ಲೆಕ್ಕದ ಪಕ್ಕದಲ್ಲೇ, ಕನ್ನಡದಲ್ಲಿ, ಪ್ರತಿ ಬಿಲ್ಲಿನಲ್ಲೂ ಅಚ್ಚಾಗಬೇಕು. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಒಂದು ಆದೇಶ ಸಾಕು.