ಎಂಟು ಜಿಬಿ ಹಾಕಿಸಿದಿರಿ, ದಕ್ಕಿದ್ದೆಷ್ಟು?

ನಮ್ಮ ಜಿಲ್ಲೆಯ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ, ಅಲ್ಲಿಯ ಹಳೆಯ ಕಂಪ್ಯೂಟರುಗಳಿಗೆ ತಲಾ 8 ಜಿಬಿ ರ‍್ಯಾಮ್ ಹಾಕಿಸಿದ್ದಾರೆ. ಅವರ ಔದಾರ್ಯ ದೊಡ್ಡದು. ಆದರೆ ಆ ಯಂತ್ರಗಳೊಳಗೆ ಈಗಲೂ ಇರುವುದು 32 ಬಿಟ್‌ನ ವಿಂಡೋಸ್ 7. ಇದನ್ನು ಸುಧಾರಣೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕೆಲವರಿಗೆ ಬೇಸರವಾದೀತು; ಆಗಲಿ.

ಘಾತಾಂಕದ ಪಾಠ ನೆನಪಿದ್ದವರಿಗೆ ಲೆಕ್ಕ ಸರಳ. 32 ಬಿಟ್‌ಗಳಿಂದ ಗುರುತಿಸಬಹುದಾದ ವಿಳಾಸಗಳು 2ರ 32ನೆಯ ಘಾತದಷ್ಟು, ಎಂದರೆ 429 ಕೋಟಿ ಚಿಲ್ಲರೆ. ಒಂದು ವಿಳಾಸಕ್ಕೆ ಒಂದು ಬೈಟ್. ಅಲ್ಲಿಗೆ 4 ಜಿಬಿ ಮುಗಿಯಿತು. ಅದರಲ್ಲಿಯೂ ಒಂದು ಪಾಲನ್ನು ಗ್ರಾಫಿಕ್ಸ್ ಕಾರ್ಡು ಮೊದಲಾದ ಸಲಕರಣೆಗಳಿಗೆ ಕಾದಿರಿಸುವುದರಿಂದ ನಮಗೆ ಉಳಿಯುವುದು ಸಾಮಾನ್ಯವಾಗಿ ಮೂರು, ಮೂರೂವರೆ ಜಿಬಿ. ಅನುಮಾನವಿದ್ದವರು ‘ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಲಿ. ಎಷ್ಟು ‘ಯೂಸಬಲ್’ ಎಂದು ಯಂತ್ರವೇ ಬರೆದಿರುತ್ತದೆ. ತುಂಗಭದ್ರೆಯ ಜಲಾಶಯ ತುಂಬಿದಾಗ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಗದ್ದೆಗಳಿಗೆ ಹರಿಯಿತೇ ಹೊರತು ಯಲಬುರ್ಗಾದ ಎರೆಹೊಲಕ್ಕೆ ಏರಲಿಲ್ಲ. ಕಾಲುವೆಯಿಲ್ಲದ ಕಡೆ ಜಲಾಶಯದ ಮಟ್ಟ ಹೇಳಿ ಏನು ಪ್ರಯೋಜನ? ಕುಷ್ಟಗಿಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

“ನಡೀತೈತಲ್ರೀ ಸರ್, ಯಾಕ ಬದಲಿ ಮಾಡಬೇಕು?” ಎಂಬ ಉತ್ತರ ಸಿದ್ಧವಾಗಿದೆ. ನಡೆಯುತ್ತದೆ, ನಿಜ. ಆದರೆ ಸಾಮಾನ್ಯ ಬಳಕೆದಾರರಿಗೆ ವಿಂಡೋಸ್ 7ರ ಸುರಕ್ಷತಾ ತೇಪೆಗಳು ನಿಂತದ್ದು 2020ರ ಜನವರಿ 14ರಂದು. 2023ರಿಂದ ಕ್ರೋಮ್‌ನ ಹೊಸ ಆವೃತ್ತಿಗಳೂ ಅದಕ್ಕೆ ಬರುತ್ತಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿದಾಗ, ವಿಂಡೋಸ್ 7ಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿಯೇ ಕೊಟ್ಟಿತ್ತು. ಹಾಕಿಕೊಳ್ಳದ ಅಸಂಖ್ಯ ಯಂತ್ರಗಳ ಕಡತಗಳಿಗೆ ಬೀಗ ಬಿತ್ತು. ಈಗ ಹಾಕಿಕೊಳ್ಳೋಣವೆಂದರೂ ತೇಪೆಯೇ ಇಲ್ಲ. ಇಂಥ ಯಂತ್ರದಲ್ಲಿ ಕುಳಿತು ವಿದ್ಯಾರ್ಥಿವೇತನದ ಅರ್ಜಿಗೆ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ತುಂಬುವುದು ಬೇಜವಾಬ್ದಾರಿಯಲ್ಲದೆ ಮತ್ತೇನು?

ಒಂದು ವರ್ಗಕ್ಕೆ ಮಾತ್ರ ನನ್ನ ವಿನಾಯಿತಿಯುಂಟು: ಲಗ್ನಪತ್ರಿಕೆ, ಕರಪತ್ರ ಸಿದ್ಧಪಡಿಸುವ ಡಿಟಿಪಿಯವರು. ಪೇಜ್‌ಮೇಕರ್‌ನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೂಡಿಟ್ಟ ಎಷ್ಟೋ ವರ್ಷಗಳ ದುಡಿಮೆ ಅವರ ಬಳಿಯಿದೆ. ಅವರು ಹಳೆಯ ವಿಂಡೋಸನ್ನೇ ಇಟ್ಟುಕೊಳ್ಳಲಿ, ಇಂಟರ್‌ನೆಟ್ ತಂತಿ ಮಾತ್ರ ಕಿತ್ತಿಡಲಿ. ಶಾಲೆಗೆ ಆ ಹಂಗಿಲ್ಲ.

8 ಜಿಬಿ ಹಿಡಿಸುವ ಯಂತ್ರದ ಪ್ರೊಸೆಸರ್ ಬಹುಮಟ್ಟಿಗೆ 64 ಬಿಟ್‌ನದೇ ಆಗಿರುತ್ತದೆ. 64 ಬಿಟ್‌ನ ಡೆಬಿಯನ್, ಲಿನಕ್ಸ್ ಮಿಂಟ್‌ಗಳಿಗೆ ಬಿಡಿಗಾಸೂ ಕೊಡಬೇಕಿಲ್ಲ. ಹಾಕಿಸಿದ ರ‍್ಯಾಮ್ ಎಲ್ಲವೂ ಬಳಕೆಗೆ ಬರುತ್ತದೆ, ಕನ್ನಡವೂ ಯೂನಿಕೋಡ್‌ನಲ್ಲಿ ಮೂಡುತ್ತದೆ. ನಮ್ಮ ಮಕ್ಕಳಿಗೆ ಅದು ಹತ್ತದು ಎನ್ನುವವರು ಗಡಿಯಾಚೆ ನೋಡಲಿ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಸ್ವತಂತ್ರ ತಂತ್ರಾಂಶದಲ್ಲಿಯೇ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಆ ಶಾಲೆಗಳಲ್ಲಿಯೇ ಓದುತ್ತಾರೆ. ಅವರ ಬುದ್ಧಿ ಬೇರೆ, ಯಲಬುರ್ಗಾದ ಮಕ್ಕಳ ಬುದ್ಧಿ ಬೇರೆಯೇ?

ಹಣ ಕೊಟ್ಟವರು ಒಂದು ಭಾನುವಾರವನ್ನೂ ಕೊಡಬೇಕು. ಮೊದಲು ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಬಳಿಕ ಹೊಸ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ, ಶಾಲೆಯ ಪ್ರಿಂಟರ್ ಅದಕ್ಕೆ ಒಗ್ಗುತ್ತದೆಯೇ ಎಂದು ನೋಡಿ. ಒಗ್ಗಿದರೆ ಅಂದೇ ಹಾಕಿಬಿಡಿ.